ಕಥೆಗಳಲ್ಲಿ ಹಠಾತ್ ಸಿರಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಗಾದೆ ಕೇಳಿ ನಗದವರು ಕಡಿಮೆ. ನಗು ಬರುವುದಕ್ಕೆ ಕಾರಣವೂ ಉಂಟು. ಗಾದೆಯಲ್ಲಿರುವ ಅಲ್ಪ ನಾವಲ್ಲ. ಅವನು ಎದುರುಮನೆಯವನು, ಇಲ್ಲವೆ ದೂರದ ಒಬ್ಬ ನಂಟ. ನಮ್ಮ ಕೈಗೇ ಒಂದು ಗಂಟು ಹಣ ಬಂದರೆ ನಾವು ಹಾಗೆ ಕೊಡೆ ಹಿಡಿಯುವವರಲ್ಲ ಎಂಬ ಧೈರ್ಯ ಎಲ್ಲರಿಗೂ ಇದ್ದೇ ಇರುತ್ತದೆ. ಆದರೆ ಕಥೆ ಬರೆಯುವವರು ಈ ಧೈರ್ಯವನ್ನು ಅಷ್ಟಾಗಿ ನಂಬಿದವರಲ್ಲ. ಅವರಲ್ಲಿ ಒಳ್ಳೆಯವರು ತಮ್ಮ ಕಥೆಗೆ ಆರಿಸಿಕೊಂಡಿರುವುದು ಅಲ್ಪನನ್ನಲ್ಲ. ದುಡಿದು ತಿನ್ನುವ, ಹೆಂಡತಿ ಮಕ್ಕಳನ್ನು ಪ್ರೀತಿಸುವ, ನಾಲ್ಕು ಜನರಿಂದ ಸೈ ಎನ್ನಿಸಿಕೊಂಡ ಮನುಷ್ಯನನ್ನು. ಇಂಥವನ ಮನೆಗೆ ಹಣ ಹಠಾತ್ತಾಗಿ ಬಂದಾಗ ಏನು ನಡೆಯುತ್ತದೆ ಎಂಬುದನ್ನು ಈ ಹೊತ್ತು ನಿಮ್ಮೊಡನೆ ಸ್ವಲ್ಪ ವಿಚಾರಮಾಡೋಣ ಎಂದಿದ್ದೇನೆ.

ಬಹಳ ಹಳೆಯ ಕಥೆಯಿಂದಲೇ ಪ್ರಾರಂಭಿಸುತ್ತೇನೆ. ಪಾಲಿ ಭಾಷೆಯ ಜಾತಕ ಕಥೆಗಳಲ್ಲಿ 48ನೆಯದು ವೇದಬ್ಭ ಜಾತಕ. ಒಬ್ಬ ಬ್ರಾಹ್ಮಣನಿಗೆ ವೇದಬ್ಭ ಎಂಬ ಮಂತ್ರ ಗೊತ್ತಿತ್ತು. ನಕ್ಷತ್ರಗಳು ಒಂದು ವಿಶೇಷ ಯೋಗದಲ್ಲಿ ಸೇರಿದಾಗ ಆಕಾಶವನ್ನು ನೋಡಿ ಅದನ್ನು ಜಪಿಸಿದರೆ ಮೇಲಿನಿಂದ ಚಿನ್ನ ಬೆಳ್ಳಿ ಮುತ್ತು ರತ್ನಗಳ ಮಳೆ ಸುರಿಯುತ್ತಿತ್ತು. ಒಮ್ಮೆ ಅವನು ಶಿಷ್ಯನೊಡನೆ ಪ್ರಯಾಣ ಹೊರಟಿರುವಾಗ ಐನೂರು ಮಂದಿ ಕಳ್ಳರು ಇಬ್ಬರನ್ನೂ ಹಿಡಿದರು. ಗುರುವನ್ನು ಒತ್ತೆಯಿಟ್ಟುಕೊಂಡು ಶಿಷ್ಯನನ್ನು ಹಣ ತರಲು ಕಳುಹಿಸುವುದು ಆ ಕಳ್ಳರ ಪದ್ಧತಿ. ಶಿಷ್ಯ ಹೊರಡುವಾಗ ಗುರುವಿಗೆ ಕೈಮುಗಿದು ಹೇಳಿದ: ಒಂದೆರಡು ದಿನದಲ್ಲಿ ಹಿಂದಿರುಗುತ್ತೇನೆ, ಈ ರಾತ್ರಿ ಆ ಯೋಗವಿದೆ, ಕಷ್ಟವಾದರೂ ಸಹಿಸಿಕೊಳ್ಳಿ, ಮಂತ್ರವನ್ನು ಮಾತ್ರ ಹೇಳಬೇಡಿ, ಹೇಳಿದರೆ ನೀವೂ ಉಳಿಯುವುದಿಲ್ಲ, ಇವರೂ ಉಳಿಯುವುದಿಲ್ಲ.

ಸಂಜೆಯಾಯಿತು. ಕಳ್ಳರು ಬ್ರಾಹ್ಮಣನನ್ನು ಕಟ್ಟಿಹಾಕಿದರು. ಚಂದ್ರ ಮೂಡಿತು. ಕಟ್ಟಿನ ನೋವಿನಲ್ಲಿ ಅವನು ಆಕಾಶವನ್ನು ನೋಡಿದ, ಯೋಗ ಕೂಡಿಬಂದಿದೆ. ಇಷ್ಟು ಸುಲಭವಾದ ಉಪಾಯವಿರುವಾಗ ಈ ಹಿಂಸೆ ಏಕೆ ಎಂದುಕೊಂಡ. ಆಮೇಲಿನದು ನೋಡಿ: ಕಟ್ಟಿಹಾಕಿದ ಕೈಗಳೇ ಅವನ ಕಟ್ಟು ಬಿಚ್ಚಿ, ತಲೆಗೆ ನೀರೆರೆದು, ಹೊಸ ಬಟ್ಟೆ ಉಡಿಸಿ, ಗಂಧ ಪೂಸಿ, ಹೂ ಮುಡಿಸಿದವು. ಮಳೆ ಸುರಿಯಿತು. ಕಳ್ಳರು ಹೊದಿಕೆಗಳಲ್ಲಿ ಗಂಟು ಕಟ್ಟಿಕೊಂಡು ನಡೆದರು. ಬ್ರಾಹ್ಮಣನೂ ಅವರ ಹಿಂದೆಯೇ ಹೊರಟ. ದಾರಿಯಲ್ಲಿ ಇನ್ನೊಂದು ಐನೂರರ ತಂಡ ಅಡ್ಡಗಟ್ಟಿತು. ಹಣ ಬೇಕಾದರೆ ಈ ಬ್ರಾಹ್ಮಣನನ್ನು ಕೇಳಿ ಎಂದು ಮೊದಲಿನವರು ಕೈತೋರಿಸಿ ತಪ್ಪಿಸಿಕೊಂಡರು. ಯೋಗ ಮತ್ತೆ ಬರುವುದು ಒಂದು ವರ್ಷಕ್ಕೆ ಎಂದು ಬ್ರಾಹ್ಮಣ ಹೇಳಿದ. ನಮಗಾದರೆ ವರ್ಷವೆ ಎಂದು ಅವರು ಅವನನ್ನು ಎರಡು ತುಂಡು ಮಾಡಿ ಎಸೆದು, ಮೊದಲಿನ ತಂಡದ ಬೆನ್ನಟ್ಟಿ ಕೊಂದರು. ಬಳಿಕ ತಮ್ಮಲ್ಲೇ ಎರಡು ಪಾಲಾಗಿ ಹೊಡೆದಾಡಿದರು. ಕಡೆಗೆ ಉಳಿದವರು ಇಬ್ಬರು. ಒಬ್ಬ ಕತ್ತಿ ಹಿಡಿದು ಗಂಟಿನ ಕಾವಲು ಕುಳಿತ. ಇನ್ನೊಬ್ಬ ಹಳ್ಳಿಯಿಂದ ಅನ್ನ ತರಲು ಹೋದ. ತರುವವನು ತನ್ನ ಪಾಲು ಉಂಡು, ಉಳಿದದ್ದರಲ್ಲಿ ವಿಷ ಬೆರೆಸಿ ತಂದ. ಕುಳಿತವನು ಅವನು ಬಂದೊಡನೆ ಕಡಿದುಹಾಕಿ, ಆ ಅನ್ನವನ್ನೇ ಉಂಡ.

ಕೊನೆಯ ಈ ಇಬ್ಬರ ಕಥೆ ಎಲ್ಲೆಲ್ಲಿಗೋ ಪ್ರಯಾಣ ಮಾಡಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಾಸರ್ ಕವಿಯ ಕೈಯಲ್ಲಿ ಅದು ಮೂವರು ಕುಡುಕರ ಕಥೆಯಾಯಿತು. ಅನ್ನದ ಬದಲು ಮದ್ಯ ಬಂತು. ಚಾಸರನ ತಮಾಷೆಯೇನೆಂದರೆ, ಲೋಭ ಕೂಡದೆಂದು ಈ ಕಥೆಯನ್ನು ಉಪದೇಶಿಸುವವನು ತಾನು ಉಪದೇಶ ಮಾಡುವುದು ದುಡ್ಡಿಗಾಗಿಯೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತಾನೆ. ಇಂಥ ವಿಷಯದ ಮೇಲೆ ಮಾತನಾಡಲು ಒಪ್ಪಿಕೊಂಡ ನನಗೂ ಅದನ್ನು ಓದುವಾಗ ಸ್ವಲ್ಪ ಮುಜುಗರವಾಗುತ್ತದೆ.

ನನ್ನ ಮನಸ್ಸು ಮಾತ್ರ ನಿಲ್ಲುವುದು ಆ ಇಬ್ಬರು ಕಳ್ಳರ ಮೇಲಲ್ಲ; ಹೊರಡುವ ಮುಂಚೆ ಕೈಮುಗಿದು ಬೇಡಿಕೊಂಡ ಆ ಶಿಷ್ಯನ ಮೇಲೆ. ಹಠಾತ್ ಸಿರಿಯ ಕಥೆಗಳನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಕಂಡಿತು. ಬಹುಪಾಲು ಕಥೆಗಳಲ್ಲಿ ಎಚ್ಚರದ ಮಾತು ಹೇಳುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಅವರು ಶಿಷ್ಯರು, ಹೆಂಗಸರು, ಮುದುಕರು, ಒಮ್ಮೊಮ್ಮೆ ಸತ್ತವರು ಕೂಡ. ಹಣ ಬಂದ ಮನೆ ಮೊಟ್ಟಮೊದಲು ಮಾಡುವ ಕೆಲಸ ಬಂಗಲೆ ಕಟ್ಟಿಸುವುದಲ್ಲ, ಒಡವೆ ಮಾಡಿಸುವುದಲ್ಲ. ಈ ಒಬ್ಬರ ಬಾಯಿ ಮುಚ್ಚಿಸುವುದು. ಕೆಡುಕು ಪ್ರಾರಂಭವಾಗುವುದು ಅಲ್ಲಿ.

ಸ್ಟೈನ್‌ಬೆಕ್ಕನ ‘ದಿ ಪರ್ಲ್’ ಎಂಬ ಕಿರುಕಾದಂಬರಿಯನ್ನು ನೋಡಿ. ಅದು ಪುಸ್ತಕವಾಗಿ ಬಂದದ್ದು 1947ರಲ್ಲಿ. ಮೆಕ್ಸಿಕೋ ದೇಶದ ಲಾ ಪಾಸ್ ಎಂಬ ಕಡಲೂರಿನಲ್ಲಿ ಅವನು ಕೇಳಿದ ಒಂದು ಜನಪದ ಕಥೆ ಅದಕ್ಕೆ ಮೂಲ. ಕೀನೋ ಎಂಬುವನು ಮುತ್ತು ತೆಗೆಯುವ ಬಡವ. ಅವನ ಹಸುಗೂಸಿಗೆ ಚೇಳು ಕಡಿಯಿತು. ದುಡ್ಡಿಲ್ಲವೆಂದು ಡಾಕ್ಟರು ಬಾಗಿಲಲ್ಲೇ ಹಿಂದಕ್ಕಟ್ಟಿದ. ಅದೇ ದಿನ ಕೀನೋಗೆ ಯಾರೂ ಕಂಡರಿಯದಷ್ಟು ದೊಡ್ಡ ಮುತ್ತು ಸಿಕ್ಕಿತು. ಈಗ ಡಾಕ್ಟರು ತಾನಾಗಿ ಗುಡಿಸಲಿಗೆ ಬಂದ; ಪಾದ್ರಿಯೂ ಬಂದ. ಕೀನೋ ಬಯಸಿದ್ದೇನು? ಇಗರ್ಜಿಯಲ್ಲಿ ಶಾಸ್ತ್ರೋಕ್ತವಾಗಿ ಮದುವೆ, ಹೊಸ ಬಟ್ಟೆ, ಒಂದು ಬಂದೂಕು, ಎಲ್ಲಕ್ಕಿಂತ ಮಿಗಿಲಾಗಿ ಮಗನಿಗೆ ನಾಲ್ಕಕ್ಷರ. ಇದನ್ನು ದುರಾಶೆ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಮುತ್ತಿನ ವ್ಯಾಪಾರಿಗಳು ಒಳಗೊಳಗೆ ಒಂದಾಗಿ ಅವನಿಗೆ ಮೋಸಮಾಡಲು ನೋಡಿದರು ಎಂಬುದೂ ನಿಜ. ಬಡವ ಆಸೆಪಟ್ಟದ್ದೇ ತಪ್ಪು ಎಂದು ಈ ಕಥೆಯಿಂದ ನೀತಿ ತೆಗೆಯುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಕೀನೋ ಕೆಟ್ಟದ್ದು ಯಾವಾಗ? ಅವನ ಹೆಂಡತಿ ಹುವಾನಾ ಈ ಮುತ್ತು ಕೆಟ್ಟದ್ದು, ಎಸೆದುಬಿಡೋಣ ಎಂದಳು. ಅವನು ಮಗನ ಓದಿನ ಹೆಸರು ಹೇಳಿ ಅವಳ ಮಾತು ತಳ್ಳಿಹಾಕಿದ. ಒಂದು ರಾತ್ರಿ ಅವಳು ತಾನೇ ಎದ್ದು ಕಡಲಿನ ಕಡೆ ಹೊರಟಳು. ಬೆನ್ನಟ್ಟಿ ಬಂದ ಕೀನೋ ಅವಳ ಮುಖಕ್ಕೆ ಗುದ್ದಿ, ಕೆಳಗೆ ಬಿದ್ದವಳನ್ನು ಒದ್ದ. ಆಮೇಲೆ ಕಥೆಯಲ್ಲಿ ಕೊಲೆಯಿದೆ, ಗುಡಿಸಲಿಗೆ ಬೆಂಕಿಯಿದೆ, ಅಜ್ಜನ ಕಾಲದ ದೋಣಿ ಒಡೆಯುವುದಿದೆ, ಕಡೆಗೆ ಯಾವ ಕೂಸಿಗಾಗಿ ಇಷ್ಟೆಲ್ಲವೋ ಆ ಕೂಸೇ ಗುಂಡಿಗೆ ಬಲಿಯಾಗುತ್ತದೆ. ಆದರೆ ಕಡಲತಡಿಯ ಆ ಒಂದು ಒದೆಯಲ್ಲಿ ಎಲ್ಲವೂ ಆಗಿಹೋಯಿತೆಂದೇ ನನ್ನ ಭಾವನೆ. ಕೊನೆಯಲ್ಲಿ ಗಂಡ ಹೆಂಡತಿ ಅದೇ ತಡಿಗೆ ಹಿಂದಿರುಗುತ್ತಾರೆ. ಕೀನೋ ಮುತ್ತನ್ನು ಅವಳತ್ತ ನೀಡುತ್ತಾನೆ. ಎಸೆಯುವ ಹಕ್ಕು ಅವಳದೆಂದು ಅವನಿಗೆ ಆಗ ತಿಳಿದಿದೆ. ಅವಳು ಒಲ್ಲೆ, ನೀನೇ ಎಸೆ ಎನ್ನುತ್ತಾಳೆ.

ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕಥೆ, ಸೂರ್ಯ ಮುಳುಗುವುದರೊಳಗೆ ಎಷ್ಟು ಭೂಮಿ ಸುತ್ತಿಬರುವೆಯೋ ಅಷ್ಟೂ ನಿನ್ನದು ಎಂಬುದು, ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಎಲ್ಲರೂ ಅದರ ಕೊನೆಯ ಓಟವನ್ನು ನೆನಪಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮೊದಲಿನ ಒಂದು ಸಣ್ಣ ಸಂಗತಿ. ಪಖೋಮ್ ಬಡ ರೈತನಾಗಿದ್ದಾಗ ಅವನ ದನ ನೆರೆಯ ಜಮೀನ್ದಾರಿಣಿಯ ಹೊಲಕ್ಕೆ ನುಗ್ಗಿದರೆ ಅವಳ ಮೇಲ್ವಿಚಾರಕ ದಂಡ ಹಾಕುತ್ತಿದ್ದ, ಪಖೋಮ್ ನೊಂದುಕೊಳ್ಳುತ್ತಿದ್ದ. ಅದೇ ಭೂಮಿಯ ಒಂದು ಭಾಗವನ್ನು ತಾನು ಕೊಂಡಮೇಲೆ, ಊರವರ ದನ ತನ್ನ ಹೊಲಕ್ಕೆ ನುಗ್ಗಿದವು. ಕೆಲವು ಕಾಲ ಸೈರಿಸಿದ. ಆಮೇಲೆ ತಾನೂ ಕೋರ್ಟಿಗೆ ಹೋಗಿ ದಂಡ ಹಾಕಿಸಿದ. ಓಟವೆಲ್ಲ ಆಮೇಲಿನದು.

ನಮ್ಮ ಮೈಸೂರಿನ ಆರ್. ಕೆ. ನಾರಾಯಣರು 1952ರಲ್ಲಿ ಪ್ರಕಟಿಸಿದ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯ ಮಾರ್ಗಯ್ಯನನ್ನೂ ಮರೆಯಬಾರದು. ಸಹಕಾರಿ ಬ್ಯಾಂಕಿನ ಎದುರು ಆಲದ ಮರದ ನೆರಳಿನಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಹಳ್ಳಿಯವರಿಗೆ ಸಾಲದ ದಾರಿ ತೋರಿಸುತ್ತಿದ್ದವನು ಅವನು. ಮಗ ಬಾಲು ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆದ, ಅಪ್ಪ ನಲವತ್ತು ದಿನ ಲಕ್ಷ್ಮೀಪೂಜೆ ಮಾಡಿದ, ಹಣ ಬಂತು. ಎಂಥ ಹಣ! ಠೇವಣಿಯ ನೋಟಿನ ಮೂಟೆಗಳು ಮನೆಯ ಕೊಠಡಿಗಳನ್ನು ತುಂಬಿದವು. ಇಲ್ಲಿ ಎಚ್ಚರಿಸುವವರೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಹೆಂಡತಿ ಮೀನಾಕ್ಷಿ ಇದ್ದಾಳೆ. ಆದರೆ ಗಂಡನ ಸ್ವಭಾವ ತಿಳಿದು ಮಾತು ನುಂಗಿಕೊಳ್ಳುವ ಅಭ್ಯಾಸ ಅವಳಿಗೆ ಬಡತನದಲ್ಲೇ ಆಗಿಹೋಗಿದೆ. ನಾರಾಯಣರು ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಾರೆ, ಓದುವವರೂ ನಗುತ್ತಾರೆ.

ಸತ್ತವರು ಕೂಡ ಎಚ್ಚರಿಸುತ್ತಾರೆ ಎಂದೆನಲ್ಲ, ಅದು ಅಮೆರಿಕದ ಮಾರ್ಕ್ ಟ್ವೇನ್ 1899ರಲ್ಲಿ ಪ್ರಕಟಿಸಿದ ಹ್ಯಾಡ್ಲಿಬರ್ಗ್ ಎಂಬ ಊರಿನ ಕಥೆ. ಪ್ರಾಮಾಣಿಕತೆಗೆ ಹೆಸರಾದ ಊರು ಅದು. ಅಲ್ಲಿ ಅವಮಾನಪಟ್ಟ ಪರಸ್ಥಳದವನೊಬ್ಬ ಸೇಡು ತೀರಿಸಿಕೊಳ್ಳಲು ಬ್ಯಾಂಕಿನ ಕ್ಯಾಷಿಯರ್ ರಿಚರ್ಡ್ಸನ ಮನೆಯಲ್ಲಿ ಒಂದು ಮೂಟೆ ಇಟ್ಟುಹೋದ. ಒಳಗೆ ನಲವತ್ತು ಸಾವಿರ ಡಾಲರಿನ ಚಿನ್ನವಿದೆ. ಹಿಂದೊಮ್ಮೆ ಕಷ್ಟದಲ್ಲಿದ್ದ ನನಗೆ ಇಪ್ಪತ್ತು ಡಾಲರು ಕೊಟ್ಟು ಒಂದು ಬುದ್ಧಿಮಾತು ಹೇಳಿದವರಿಗೆ ಇದು ಸೇರಬೇಕು. ಆ ಮಾತನ್ನು ಸರಿಯಾಗಿ ಹೇಳಿದವರೇ ಅವರು ಎಂದು ತಿಳಿಯಿರಿ ಎಂದು ಚೀಟಿ. ಅಂಥ ದಾನ ಮಾಡಬಲ್ಲವನು ಊರಿನಲ್ಲಿ ಒಬ್ಬನೇ ಇದ್ದನೆಂದು ಮುದಿ ದಂಪತಿಗಳಿಗೆ ಗೊತ್ತು: ಗುಡ್‌ಸನ್. ಅವನು ತೀರಿಕೊಂಡಿದ್ದಾನೆ. ಬದುಕಿದ್ದಾಗ ಈ ಊರು ಜಿಪುಣರದು, ತಮ್ಮನ್ನು ತಾವೇ ಹೊಗಳಿಕೊಳ್ಳುವವರದು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದವನು. ಅದಕ್ಕಾಗಿ ಊರು ಅವನನ್ನು ದ್ವೇಷಿಸಿತ್ತು.

ಇನ್ನು ತಮಾಷೆ ಪ್ರಾರಂಭ. ಊರಿನ ಹತ್ತೊಂಬತ್ತು ಮಂದಿ ಗಣ್ಯರಿಗೂ ಒಂದೊಂದು ಕಾಗದ ಬರುತ್ತದೆ: ಆ ಬುದ್ಧಿಮಾತು ಇಂಥದು, ಹೇಳಿದವನು ಗುಡ್‌ಸನ್, ನೀನು ಅವನಿಗೆ ಯಾವುದೋ ದೊಡ್ಡ ಉಪಕಾರ ಮಾಡಿದ್ದೆಯಂತೆ, ಆದ್ದರಿಂದ ಮೂಟೆ ನಿನ್ನದೇ. ರಿಚರ್ಡ್ಸ್ ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡುತ್ತ, ತಾನು ಎಂದೂ ಮಾಡದಿದ್ದ ಉಪಕಾರವನ್ನು ನೆನಪಿಗೆ ತಂದುಕೊಳ್ಳಲು ಪಡುವ ಪಾಡನ್ನು ಓದಿಯೇ ನೋಡಬೇಕು. ನೀರಿನಲ್ಲಿ ಮುಳುಗುತ್ತಿದ್ದವನನ್ನು ಎಳೆದು ಕಾಪಾಡಿದೆನೆ? ಹಾಗಾಗಿದ್ದರೆ ಊರಿಗೆಲ್ಲ ಗೊತ್ತಿರಬೇಕಿತ್ತಲ್ಲ! ಹೀಗೆ ಒಂದೊಂದನ್ನೇ ಕಟ್ಟಿ ಕೆಡವಿ, ಕಡೆಗೆ ಒಂದನ್ನು ನಿಲ್ಲಿಸಿ, ಅದು ನಡೆದೇ ಇತ್ತೆಂದು ತಾನೇ ನಂಬುತ್ತಾನೆ. ಉಳಿದ ಹದಿನೆಂಟು ಮನೆಗಳಲ್ಲೂ ಅದೇ ರಾತ್ರಿ ಅದೇ ಕೆಲಸ. ಬಾರದ ಹಣವನ್ನು ನೆಚ್ಚಿ ಮನೆ ಕಟ್ಟುವ ಯೋಚನೆ, ಸಾಲದಲ್ಲಿ ಖರೀದಿ. ಮೂಟೆಯಲ್ಲಿದ್ದದ್ದು ಚಿನ್ನದ ನೀರು ಕೊಟ್ಟ ಸೀಸದ ಬಿಲ್ಲೆಗಳು. ಚಿನ್ನ ಎಂಬ ಮಾತೊಂದೇ ಸಾಕಾಯಿತು, ಚಿನ್ನ ಬೇಕಾಗಲಿಲ್ಲ.

ಬೇರೆಯವರ ಕಥೆ ಇಷ್ಟು ಹೇಳಿದಮೇಲೆ ನಮ್ಮ ಮನೆಯದೊಂದನ್ನು ಹೇಳದಿದ್ದರೆ ಚಾಸರನ ಆ ಉಪದೇಶಕನಿಗೂ ನನಗೂ ವ್ಯತ್ಯಾಸವಿರುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕೆರೆಯ ಹಿಂದಿನ ನಮ್ಮ ಜಮೀನು ಮಾರಾಟವಾಗಿ, ಅದುವರೆಗೆ ನಾವು ಕಾಣದಷ್ಟು ಹಣ ಬಂತು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಯಾರೂ ಕೆಟ್ಟವರಲ್ಲ. ಆದರೆ ಉಗ್ರಾಣಕ್ಕೆ ಬೀಗ ಬಂತು. ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವುದು ನಿಂತಿತು. ಅಜ್ಜಿ ಒಂದು ದಿನ ಎಲ್ಲರಿಗೂ ಕೇಳುವಂತೆ, “ಯಾಕ್ರಪ್ಪಾ, ಹಣ ಬಂದಿದ್ದೋ ಸೂತಕ ಬಂದಿದ್ದೋ?” ಎಂದಳು. ದೊಡ್ಡವರು ತಲೆ ತಗ್ಗಿಸಿದರು. ಹೊಸ ಸೈಕಲ್ಲಿನ ಕನಸಿನಲ್ಲಿದ್ದ ನಾನು, “ನಿಂಗೇನೂ ಗೊತ್ತಾಗಲ್ಲ, ಸುಮ್ನಿರು ಅಜ್ಜಿ” ಎಂದೆ. ಯಾರೂ ನನ್ನನ್ನು ಗದರಲಿಲ್ಲ. ಸೈಕಲ್ ಬಂತು. ಅಜ್ಜಿ ಮತ್ತೆ ಆ ಮಾತು ಎತ್ತಲಿಲ್ಲ.

ಬಹಳ ವರ್ಷಗಳ ಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದುವಾಗ ನನಗೆ ಅಜ್ಜಿಯ ಮುಖ ಕಣ್ಣಮುಂದೆ ಬಂತು. 2013ರಲ್ಲಿ ಪ್ರಕಟವಾದ ಈ ಕನ್ನಡ ನೀಳ್ಗತೆ ಆಮೇಲೆ ಇಂಗ್ಲಿಷಿಗೆ ಹೋಗಿ ಹೊರದೇಶಗಳಲ್ಲೂ ಹೆಸರು ಮಾಡಿತು. ಬೆಂಗಳೂರಿನ ಒಂದು ಕುಟುಂಬ. ಅಪ್ಪನ ಕೆಲಸ ಹೋಗುತ್ತದೆ. ಚಿಕ್ಕಪ್ಪ ಮಸಾಲೆ ಸಾಮಾನಿನ ವ್ಯಾಪಾರ ತೆಗೆಯುತ್ತಾನೆ. ಅದು ಕೈಹತ್ತಿ, ಇರುವೆ ಮುತ್ತುತ್ತಿದ್ದ ಸಣ್ಣ ಮನೆಯಿಂದ ಎಲ್ಲರೂ ದೊಡ್ಡ ಮನೆಗೆ ಬರುತ್ತಾರೆ. ಕಥೆ ಹೇಳುವ ಮಗ ಹೆಸರಿಗೆ ಕಂಪನಿಯ ಡೈರೆಕ್ಟರು; ಮಾಡುವ ಕೆಲಸವೇನೂ ಇಲ್ಲ, ಸಂಬಳ ಮಾತ್ರ ಬರುತ್ತದೆ. ಅಲ್ಲಿ ಯಾರೂ ರಾಕ್ಷಸರಲ್ಲ. ಅಮ್ಮ ರುಚಿಯಾಗಿ ಅಡಿಗೆ ಮಾಡುತ್ತಾಳೆ. ಚಿಕ್ಕಪ್ಪನಿಗೆ ಬೇಕಾದದ್ದು ಬೇಕಾದ ಹೊತ್ತಿಗೆ ಸಿಕ್ಕುತ್ತದೆ, ಏಕೆಂದರೆ ಗಳಿಸುವವನು ಅವನು. ಅವನನ್ನು ಹುಡುಕಿಕೊಂಡು ತೊವ್ವೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ಅವನು ಹೊರಗೆ ಬರುವುದಿಲ್ಲ, ಏಕೆಂದು ಯಾರೂ ಕೇಳುವುದಿಲ್ಲ.

ಕೇಳುವವಳು ಹೊರಗಿನಿಂದ ಬಂದ ಸೊಸೆ ಅನಿತಾ. ಗಂಡ ದುಡಿಯದೆ ಸಂಬಳ ಪಡೆಯುವುದನ್ನು ಅವಳು ಕೇಳುತ್ತಾಳೆ. ಮನೆಯವರೆಲ್ಲ ನೋಡಿಯೂ ನೋಡದಂತಿರುವುದನ್ನು ಬಾಯಿಬಿಟ್ಟು ಹೇಳುತ್ತಾಳೆ. ಮನೆ ಮೊದಲು ಸಿಡುಕುತ್ತದೆ, ಆಮೇಲೆ ಜಗಳವಾಡುತ್ತದೆ, ಆಮೇಲೆ ಚಹಾ ಕುಡಿಯುತ್ತ ನಗುನಗುತ್ತ ಯಾವುದೋ ಬೇರೆ ಮಾತಾಡುತ್ತದೆ. ಆ ನಗುವನ್ನು ಓದುವಾಗ ನನಗೆ ಮೈ ಝುಮ್ಮೆಂದಿತು. ಕೊನೆಯ ಪುಟಗಳಲ್ಲಿ ಅನಿತಾ ಊರಿಗೆ ಹೋಗಿದ್ದಾಳೆ. ಗಂಡ ಕಾಫಿ ಹೌಸಿನಲ್ಲಿ ಕುಳಿತಿದ್ದಾನೆ, ಅವಳಿಂದ ಸುದ್ದಿಯಿಲ್ಲ. ಮುಂದಿನದನ್ನು ನಾನು ಹೇಳುವುದಿಲ್ಲ. ಪುಸ್ತಕ ದೊಡ್ಡದಲ್ಲ, ಒಂದು ಸಂಜೆ ರೇಡಿಯೋ ನಿಲ್ಲಿಸಿ ಓದಿಬಿಡಬಹುದು.