ಹದವರಿತ ವಿದ್ಯೆ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಗುರು, ಲಿಂಗ, ಜಂಗಮ ಈ ಮೂರರ ವಿಚಾರವನ್ನು ಇದುವರೆಗಿನ ದಿನಗಳಲ್ಲಿ ಹೇಳುತ್ತ ಬಂದೆವು. ಇಂದು ನಿಮ್ಮ ಮನೆಯ ತೊಟ್ಟಿಲಿನ ವಿಚಾರವನ್ನು ಎತ್ತಿಕೊಳ್ಳುತ್ತೇವೆ. ಕಾರಣವುಂಟು. ಭಕ್ತರು ಮೊನ್ನೆ ಒಂದು ಬಿನ್ನಹಪತ್ರವನ್ನು ತಂದು ಶ್ರೀಮಠಕ್ಕೆ ಒಪ್ಪಿಸಿದ್ದಾರೆ. ಮಠದಿಂದ ಇಂಗ್ಲಿಷ್ ಮಾಧ್ಯಮದ ಎಲ್.ಕೆ.ಜಿ., ಯು.ಕೆ.ಜಿ. ತೆರೆಯಬೇಕು, ಮೂರು ವರ್ಷ ತುಂಬಿದೊಡನೆ ಮಕ್ಕಳಿಗೆ ಬರವಣಿಗೆ, ಲೆಕ್ಕ, ಪರೀಕ್ಷೆ ಎಲ್ಲವೂ ಆರಂಭವಾಗಬೇಕು, ಇಲ್ಲವಾದರೆ ಮಕ್ಕಳನ್ನು ಪಟ್ಟಣದ ಶಾಲೆಯ ಬಸ್ಸಿಗೆ ಹತ್ತಿಸುವುದು ಅನಿವಾರ್ಯ ಎಂಬುದು ಅದರ ಸಾರ. ಪತ್ರದ ಕೆಳಗೆ ಸಹಿಗಳಿವೆ. ಸಹಿಗಳ ನಡುವೆ ಹೆಬ್ಬೆಟ್ಟಿನ ಗುರುತುಗಳೂ ಇವೆ. ತನಗೆ ಬಾರದ ಅಕ್ಷರ ತನ್ನ ಮಗುವಿಗೆ ಬೇಗ ಬರಲಿ ಎಂದು ಹಂಬಲಿಸುವ ತಂದೆಯನ್ನು ಯಾರು ಹಳಿದಾರು? ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷ್ ಕಾಗದವನ್ನು ಕೈಯಲ್ಲಿ ಹಿಡಿದು ಯಾರಾದರೂ ಓದಿ ಹೇಳಿಯಾರೆ ಎಂದು ನಿಂತವನಿಗೆ ಗೊತ್ತು ಆ ಸಂಕಟ. ಆದ್ದರಿಂದ ಆ ಪತ್ರವನ್ನು ನಾವು ಗೌರವದಿಂದ ಓದಿದ್ದೇವೆ. ಅದಕ್ಕೆ ಉತ್ತರವನ್ನು ಎಲ್ಲರ ಸಮಕ್ಷಮದಲ್ಲಿ ಹೇಳುವುದು ಯೋಗ್ಯವೆಂದು ಬಗೆದು ಇಂದಿನ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಒಕ್ಕಲು ಮಕ್ಕಳಿಗೆ ಮೊದಲು ಒಂದು ಮಾತು ಕೇಳುತ್ತೇವೆ. ಎರೆಯ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಹಾಕುವವನು ಮಳೆಗಾಲದಲ್ಲಿ ಏನು ಮಾಡುತ್ತಾನೆ? ಹರಗುತ್ತಾನೆ. ಮಳೆಯಾಗಿ ನೆಲ ಆರಿದಾಗಲೊಮ್ಮೆ ಕುಂಟೆ ಹೊಡೆಯುತ್ತಾನೆ. ಪಕ್ಕದ ಹೊಲದಲ್ಲಿ ಹೆಸರು ಹಸುರಾಗಿ ನಿಂತಿರುತ್ತದೆ, ಇವನ ಹೊಲ ಮಾತ್ರ ಬರಿದು. ದಾರಿಯಲ್ಲಿ ಹೋಗುವ ತಿಳಿಗೇಡಿ, "ಈತ ಸುಮ್ಮನೆ ಕಾಲ ಕಳೆಯುತ್ತಾನೆ" ಎಂದುಕೊಳ್ಳುತ್ತಾನೆ. ಆದರೆ ಕಸ ಸತ್ತು, ಮಳೆಯ ನೀರು ಒಡಲಿಗಿಳಿದು, ಹಸಿ ನಿಂತ ಆ ನೆಲದಲ್ಲಿ ಬಿತ್ತಿದ ಜೋಳ, ಮಳೆ ಹಿಂದೆಗೆದ ಮೇಲೂ ನೆಲದ ಹಸಿಯನ್ನೇ ಉಂಡು ತೆನೆಗಟ್ಟುತ್ತದೆ. ಹದಕ್ಕೆ ಮುಂಚೆ ಬಿತ್ತಿದವನಿಗೆ ಬೀಜವೂ ಹೋಯಿತು, ಹೊಲವೂ ಕೆಟ್ಟಿತು. ಮೂರರಿಂದ ಆರು ವರ್ಷದ ಮಗುವಿನ ವಿದ್ಯೆ ಈ ಹರಗುವ ಕೆಲಸ. ಕಣ್ಣಿಗೆ ಬೆಳೆ ಕಾಣುವುದಿಲ್ಲ. ಬೆಳೆಯ ಆಧಾರವೆಲ್ಲ ಅಲ್ಲಿದೆ.

ನಮ್ಮ ಧರ್ಮದ ಆಚಾರದಲ್ಲಿಯೇ ಈ ಕ್ರಮವಿದೆ. ಹಸುಗೂಸಿಗೆ ಲಿಂಗಧಾರಣೆ ಮಾಡುತ್ತೇವೆ. ಆ ಕೂಸಿಗೆ ಅಷ್ಟಾವರಣದ ಅರ್ಥವನ್ನು ಅಂದೇ ಒಪ್ಪಿಸೆಂದು ಯಾರೂ ಕೇಳುವುದಿಲ್ಲ. ಲಿಂಗ ಮೈಮೇಲಿರಲಿ, ತಾಯಿಯ ಪೂಜೆಯನ್ನು ಕಣ್ಣು ನೋಡಲಿ, ಗಂಟೆಯ ನಾದವನ್ನು ಕಿವಿ ಕೇಳಲಿ. ತಿಳಿವಳಿಕೆ ಬಂದ ಮೇಲೆ ದೀಕ್ಷೆ, ದೀಕ್ಷೆಯಾದ ಮೇಲೆ ಅರಿವು. ಷಟ್‌ಸ್ಥಲದಲ್ಲಿಯೂ ಭಕ್ತಸ್ಥಲವನ್ನು ಹಾರಿ ಐಕ್ಯಸ್ಥಲಕ್ಕೆ ಹೋಗುವ ದಾರಿಯಿಲ್ಲ. ಶಿವಪಥದಲ್ಲಿ ಮೆಟ್ಟಿಲನ್ನು ಒಪ್ಪುವ ನಾವು ಮಗುವಿನ ಪಾಠದಲ್ಲಿ ಏಕೆ ಒಪ್ಪಬಾರದು?

ಇನ್ನು ಶಾಸ್ತ್ರದ ಮಾತು. ತೈತ್ತಿರೀಯೋಪನಿಷತ್ತಿನ ಮೊದಲ ಭಾಗಕ್ಕೆ ಶೀಕ್ಷಾವಲ್ಲಿ ಎಂದು ಹೆಸರು. ಶಿಕ್ಷಣ ಎಂಬ ನಮ್ಮ ಶಬ್ದದ ಮೂಲವೇ ಅದು. ಅಲ್ಲಿ ಶಿಕ್ಷೆ ಎಂದರೆ ಏನೆಂದು ಹೇಳುವಾಗ ವರ್ಣ, ಸ್ವರ, ಮಾತ್ರೆ ಮೊದಲಾಗಿ ಆರು ಸಂಗತಿಗಳನ್ನು ಎಣಿಸಿದ್ದಾರೆ. ಆರೂ ಧ್ವನಿಗೆ ಸೇರಿದವು. ಲಿಪಿಯ ಹೆಸರು ಅಲ್ಲಿಲ್ಲ. ಮೊದಲು ಕಿವಿ, ಆಮೇಲೆ ನಾಲಗೆ, ಕೊನೆಗೆ ಕಣ್ಣು ಮತ್ತು ಬೆರಳು. ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಕಲಿತದ್ದೂ ಕಿವಿಯಿಂದಲೇ. ಅದೇ ಉಪನಿಷತ್ತು ಮುಂದೆ ಅನ್ನಮಯದಿಂದ ಆನಂದಮಯದವರೆಗೆ ಐದು ಕೋಶಗಳನ್ನು ಹೇಳುತ್ತದೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಎಂಟು ವರ್ಷದ ಮಕ್ಕಳ ಬೆಳವಣಿಗೆಯನ್ನು ವಿವರಿಸುವಾಗ ಈ ಪಂಚಕೋಶಗಳನ್ನೇ ಆಧಾರವಾಗಿ ಹಿಡಿದಿದೆ. ಮೊದಲನೆಯ ಕೋಶ ಅನ್ನಮಯ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ. 1975ರಲ್ಲಿ ದೇಶದಲ್ಲಿ ಅಂಗನವಾಡಿಗಳ ಯೋಜನೆ ಹುಟ್ಟಿದಾಗ ಊಟವನ್ನೂ ಆಟಪಾಠವನ್ನೂ ಒಂದೇ ಕೋಣೆಯಲ್ಲಿ ಸೇರಿಸಿದರು. ನಮ್ಮ ನಾಡಿನಲ್ಲಿ 2002ರಲ್ಲಿ ಶಾಲೆಯ ಬಿಸಿಯೂಟ ಆರಂಭವಾದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ದಾಸೋಹವೆಂಬ ಶರಣರ ಶಬ್ದ ಸರ್ಕಾರದ ಕಡತವನ್ನು ಸೇರಿತಲ್ಲ ಎಂದು ನಮಗೆ ಸಂತೋಷ.

ಹಾಗಾದರೆ ಆ ವಯಸ್ಸಿನಲ್ಲಿ ಕಲಿಸತಕ್ಕದ್ದು ಏನು? ಕಥೆ, ಹಾಡು, ಒಗಟು, ಕುಣಿತ. ಕೆಸರಿನಲ್ಲಿ ಬಸವಣ್ಣ ಮಾಡುವುದು, ಹುಣಸೆಬೀಜ ಆರಿಸುವುದು, ಹೂ ಪೋಣಿಸುವುದು, ರಂಗೋಲಿಯ ಚುಕ್ಕೆ ಇಡುವುದು. ಇವು ಹೊತ್ತು ಕಳೆಯುವ ಉಪಾಯಗಳಲ್ಲ. ಮೂರು ವರ್ಷದ ಕೂಸಿನ ಬೆರಳಿನಲ್ಲಿ ಪೆನ್ಸಿಲ್ ಹಿಡಿದು ತಿದ್ದುವ ಕಸುವು ಇನ್ನೂ ಬಂದಿರುವುದಿಲ್ಲ. ಮಣ್ಣು ನಾದಿದ ಕೈಗೆ ಆ ಕಸುವು ತಾನಾಗಿ ಬರುತ್ತದೆ. ಕಥೆ ಕೇಳಿದ ಕಿವಿಗೆ ಶಬ್ದಸಂಪತ್ತು ಬರುತ್ತದೆ. ಶಬ್ದವೇ ಇಲ್ಲದ ಮಗು ಅಕ್ಷರ ಕಲಿತು ಏನನ್ನು ಓದಬೇಕು?

ಇದು ಈಚಿನವರು ಕಂಡುಹಿಡಿದ ಹೊಸ ವಿದ್ಯೆಯೆಂದು ತಿಳಿಯಬೇಡಿರಿ. ನಮ್ಮ ಹಿರಿಯರ ಗಾವಠಿ ಶಾಲೆಗಳಲ್ಲಿ, ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುತ್ತಿದ್ದ. ಮದ್ರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಬಳಸಿ, ಮಕ್ಕಳಿಂದ ಮಕ್ಕಳಿಗೆ ಕಲಿಸುವ ಕ್ರಮವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಅದು ಮದ್ರಾಸ್ ಪದ್ಧತಿಯೆಂದೇ ಇಂಗ್ಲೆಂಡಿನಲ್ಲಿ ಹಬ್ಬಿತು. ಆಮೇಲೆ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸರಿ ಎಂಬ ವೈದ್ಯೆ ಮಕ್ಕಳ ಮನೆಯನ್ನು ತೆರೆದು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದಳು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಎಂಬ ವಕೀಲರು ವಕೀಲಿಯನ್ನು ಬಿಟ್ಟು 1920ರಲ್ಲಿ ಬಾಲಮಂದಿರ ಕಟ್ಟಿದರು. ಕಥೆ ಮತ್ತು ಆಟ ಅವರ ಪಾಠದ ಜೀವಾಳವಾಗಿದ್ದವು. ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಆ ಕೂಲಿಮಠಗಳಲ್ಲಿ ಕೋದಂಡ ಹಾಕುವ ಕ್ರೌರ್ಯವಿತ್ತು. ಎಲ್ಲ ಕುಲದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅವುಗಳ ಬಾಗಿಲು ತೆರೆದಿರಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಾಗಿಲನ್ನು ತೆರೆಯಿಸಿತು, ಬೆತ್ತವನ್ನು ನಿಷೇಧಿಸಿತು. ಮರಳು ಹಿರಿಯರದಿರಲಿ, ಬೆತ್ತ ಬೇಡ.

ಈಗ ನಿಮ್ಮ ಒಂದು ಸಂಶಯಕ್ಕೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದು, "ಅಜ್ಜಾರ, ಸಾಲಿಗೆ ಹೋಗಾಕ ಹತ್ತಿ ಎರಡು ತಿಂಗಳಾತ್ರಿ. ಇವಂಗ ಅ ಆ ಇ ಈ ಬರೂದಿಲ್ಲ. ರ ಗ ಸ ದ ಅ ಅಂತ ಏನೇನೋ ಒದರ್ತಾನ. ಮಾಸ್ತರು ಅಕ್ಷರಾನ ಕೆಡಿಸ್ಯಾರ" ಎಂದು ಕಣ್ಣೀರು ತಂದಳು. ನಾವು ಹುಡುಗನ ಕೈಗೆ ಬಳಪ ಕೊಟ್ಟೆವು. ಅವನು ಪಾಟಿಯ ಮೇಲೆ ಸರ ಎಂದು ಬರೆದ, ಅರಸ ಎಂದು ಬರೆದ, ಅಗಸ ಎಂದು ಬರೆದ. ಗರಗಸ ಎಂದು ಬರೆದು ತಾನೇ ನಕ್ಕ. ತಾಯಿ ಬೆರಗಾದಳು.

ಇದು ನಲಿಕಲಿಯ ಕ್ರಮ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು, ಆಂಧ್ರದ ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009-10ರಲ್ಲಿ ಅದು ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಪಾಠಕ್ಕೆ ಪುಸ್ತಕದ ಬದಲು ಕಾರ್ಡುಗಳು. ಕಾರ್ಡುಗಳಿಗೆ ಒಂದು ಏಣಿ. ಪ್ರತಿ ಮಗು ತನ್ನ ವೇಗದಲ್ಲಿ ಆ ಏಣಿಯನ್ನು ಏರುತ್ತದೆ. ಜ್ವರ ಬಂದು ಎಂಟು ದಿನ ತಪ್ಪಿಸಿದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ನಾಳೆ ಈ ಪದ್ಧತಿಯ ಹೆಸರು ಬದಲಾದೀತು, ಕಾರ್ಡುಗಳು ಬದಲಾದಾವು. ತತ್ತ್ವ ಬದಲಾಗತಕ್ಕದ್ದಲ್ಲ.

"ವರ್ಣಮಾಲೆಯ ಕ್ರಮವನ್ನು ಮುರಿಯುವುದು ಅಪಚಾರವಲ್ಲವೇ?" ಎಂದು ಕೇಳುವವರಿದ್ದಾರೆ. ಅಪಚಾರವಲ್ಲ. ನಮ್ಮ ವರ್ಣಮಾಲೆ ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿದೆ. ಕವರ್ಗ ಕಂಠದಲ್ಲಿ ಹುಟ್ಟಿ, ಪವರ್ಗ ತುಟಿಯಲ್ಲಿ ಮುಗಿಯುತ್ತದೆ. ಅದು ಶಾಸ್ತ್ರಕಾರನ ಜೋಡಣೆ. ಅದೇ ವರ್ಣಗಳನ್ನು ಪಾಣಿನಿಯ ವ್ಯಾಕರಣ ಬೇರೆಯಾಗಿ ಜೋಡಿಸಿಕೊಂಡಿತು. ಆ ಹದಿನಾಲ್ಕು ಸೂತ್ರಗಳು ಶಿವನ ಡಮರುಗದಿಂದ ಹೊರಟವೆಂದು ನಂಬಿ ಮಾಹೇಶ್ವರ ಸೂತ್ರಗಳೆಂದು ಕರೆಯುತ್ತೇವೆ. ವ್ಯಾಕರಣದ ಸೌಕರ್ಯಕ್ಕಾಗಿ ಪರಶಿವನೇ ಕ್ರಮವನ್ನು ಬದಲಿಸಿಕೊಟ್ಟ ಮೇಲೆ, ಕೂಸಿನ ಸೌಕರ್ಯಕ್ಕಾಗಿ ಮಾಸ್ತರು ಬದಲಿಸಿದರೆ ಯಾವ ಅಪಚಾರ? ಅ ಆ ಇ ಈ ನಾಲ್ಕನ್ನು ಕಲಿತ ಮಗು ಮನೆಯಲ್ಲಿರುವ ಒಂದು ವಸ್ತುವಿನ ಹೆಸರನ್ನೂ ಬರೆಯಲಾರದು. ರ ಗ ಸ ದ ಅ ಬರೆಯುವ ಕೈಗೆ ಸುಲಭ, ಕಲಿತ ಕೂಡಲೆ ಅರ್ಥ ಕೈಗೆ ಸಿಗುತ್ತದೆ. ಮಣಿಗಳನ್ನು ಮೊದಲು ಆರಿಸಿಕೊಳ್ಳಲಿ. ಎಲ್ಲ ಅಕ್ಷರಗಳ ಗುರುತಾದ ಮೇಲೆ ಮಾಲೆಯನ್ನು ಪೋಣಿಸಿ ಕಂಠಪಾಠ ಮಾಡಿಸಿರಿ, ಅದೂ ಬೇಕು.

ಲೆಕ್ಕಕ್ಕೂ ಇದೇ ನ್ಯಾಯ. ಚೌಕಾಬಾರದ ಕವಡೆ, ಅಳಗುಳಿಮಣೆಯ ಹರಳು ಕೂಡುವುದನ್ನೂ ಕಳೆಯುವುದನ್ನೂ ಕಲಿಸುತ್ತವೆ. ಹತ್ತು ಕಡ್ಡಿ ಎಣಿಸಿ ಒಂದು ಕಟ್ಟು ಕಟ್ಟಿದ ಮಗುವಿಗೆ ಇಪ್ಪತ್ತಮೂರು ಎಂದರೆ ಎರಡು ಕಟ್ಟು, ಮೂರು ಬಿಡಿ ಎಂದು ಕೈಗೇ ತಿಳಿಯುತ್ತದೆ. ಅದು ತಿಳಿದ ಮೇಲೆ ಮಗ್ಗಿ ಬಾಯಿಗೆ ಬರಲಿ. ತಿಳಿಯದೆ ಬಂದ ಮಗ್ಗಿ ಗಿಳಿಪಾಠ. ತಿಳಿದು ಬಂದದ್ದು ಜೀವನಪರ್ಯಂತ ಉಪಯೋಗಕ್ಕೆ ಬರುವ ಸಾಧನ.

ಇನ್ನು ಭಾಷೆಯ ಮಾತು. ಇಂಗ್ಲಿಷ್ ಬೇಡವೆಂದು ನಾವು ಎಂದೂ ಹೇಳಿಲ್ಲ. ಯಾವಾಗ, ಹೇಗೆ ಎಂಬುದಷ್ಟೇ ವಿಚಾರ. 1834ರಿಂದ 1881ರವರೆಗೆ ಬಾಳಿದ ಡೆಪ್ಯುಟಿ ಚನ್ನಬಸಪ್ಪನವರನ್ನು ಸ್ಮರಿಸಿರಿ. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದವರು. ಮುಂಬಯಿ ಪ್ರಾಂತದ ನಮ್ಮ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ, ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ದುಡಿದವರು ಅವರು. ಹನ್ನೆರಡನೆಯ ಶತಮಾನದ ಶರಣರು ಪರಮಾರ್ಥವನ್ನೇ ಕಾಯಕದವರ ಮನೆಮಾತಿನಲ್ಲಿ ಹೇಳಿದರು. ಪರಶಿವತತ್ತ್ವವನ್ನು ಹೊತ್ತ ಭಾಷೆ ಒಂದನೆಯ ತರಗತಿಯ ಪಾಠವನ್ನು ಹೊರಲಾರದೆ? ಕನ್ನಡದಲ್ಲಿ ಓದು ಗಟ್ಟಿಯಾದ ಮಗುವಿಗೆ ಓದುವುದೆಂದರೆ ಏನೆಂದು ಗೊತ್ತಾಗಿರುತ್ತದೆ. ಎರಡನೆಯ ಲಿಪಿ ಅದಕ್ಕೆ ಬೇಗ ಒಲಿಯುತ್ತದೆ. ಮನೆಯಲ್ಲಿ ಒಂದು ಶಬ್ದವೂ ಕಿವಿಗೆ ಬೀಳದ ಭಾಷೆಯಲ್ಲಿ ಮೊದಲ ಪಾಠ ಕೇಳಿದ ಮಗು ಬಾಯಿ ಮುಚ್ಚಿ ಕುಳಿತುಕೊಳ್ಳುವುದನ್ನು ಕಲಿಯುತ್ತದೆ. ಆ ಮೌನವನ್ನು ನೀವು ಶಿಸ್ತು ಎಂದು ತಿಳಿದು ಸಂತೋಷಪಡುತ್ತೀರಿ. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ತಂದೆತಾಯಿಗಳದು, ಸರ್ಕಾರ ಹೇರಲಾಗದು ಎಂದು ತೀರ್ಪಿತ್ತಿದೆ. ಆಯ್ಕೆ ನಿಮ್ಮದಾದ ಮೇಲೆ ವಿವೇಕದ ಹೊಣೆಯೂ ನಿಮ್ಮದೇ. ಆದ್ದರಿಂದ ನಾವು ಸರ್ಕಾರಕ್ಕೆ ಹೇಳದೆ ನಿಮಗೆ ಹೇಳುತ್ತಿದ್ದೇವೆ.

ಶಿಕ್ಷಕರಿಗೂ ಒಂದು ಮಾತು. ಆಟವೆಂದರೆ ಅಡ್ಡಾಡಲು ಬಿಡುವುದಲ್ಲ. ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಇದು ನಲಿಯುವ ಶಾಲೆ" ಎಂದರೆ ಅದು ವಂಚನೆ. ಬೆತ್ತ ಹಿಡಿದು ಕಲಿಸುವುದಕ್ಕಿಂತ ಆಡಿಸುತ್ತ ಕಲಿಸುವುದು ಹೆಚ್ಚು ಶ್ರಮದ ಕಾಯಕ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ, ಯಾವುದು ಮುಗ್ಗರಿಸಿದೆ ಎಂದು ದಿನದಿನವೂ ನೋಡಬೇಕು. ಮೂರನೆಯ ತರಗತಿ ಮುಗಿಸಿದ ಮಗು ಕಂಡರಿಯದ ಒಂದು ಪುಟವನ್ನು ಓದಿ ಅರ್ಥ ಹೇಳಬೇಕು, ಅಂಗಡಿಯ ಚಿಲ್ಲರೆಯ ಲೆಕ್ಕ ಹೇಳಬೇಕು. ಅಲ್ಲಿಗೆ ಹರಗುವ ಕಾಲ ಮುಗಿಯಿತು. ಹದ ಮೀರಿ ಬಿತ್ತಿದ ಬೀಜವೂ ಮೊಳೆಯುವುದಿಲ್ಲ ಎಂಬುದನ್ನು ಮರೆಯಬೇಡಿರಿ.

ಹೀಗಾಗಿ ಬಿನ್ನಹಕ್ಕೆ ಶ್ರೀಮಠದ ಉತ್ತರವಿದು. ಶಿಶುವಿಹಾರವನ್ನು ಮಠ ತೆರೆಯುತ್ತದೆ. ಮೂರು ವರ್ಷದ ಮಕ್ಕಳು ಬರಲಿ, ಯಾವ ಜಾತಿಯ, ಯಾವ ಕೇರಿಯ ಮಕ್ಕಳಾದರೂ ಬರಲಿ. ಮಾತು ಕನ್ನಡದಲ್ಲಿ, ಇಂಗ್ಲಿಷ್ ಹಾಡಾಗಿ, ಆಟವಾಗಿ, ಸಂಭಾಷಣೆಯಾಗಿ ಕಿವಿಗೆ ಬೀಳಲಿ. ಪ್ರವೇಶಕ್ಕೆ ಪರೀಕ್ಷೆಯಿಲ್ಲ, ಮನೆಗೆಲಸವಿಲ್ಲ, ನಂಬರಿಲ್ಲ. ಅಂಗನವಾಡಿಗೆ ಇದು ಪೈಪೋಟಿಯಲ್ಲ. ಅಲ್ಲಿಯ ಕಾರ್ಯಕರ್ತೆಯರೂ ನಮ್ಮ ತಾಯಂದಿರನ್ನು ಕೂಡಿ ಕಥೆ, ಹಾಡು ಕಲಿಯಲು ಬರಬಹುದು. ಆರು ವರ್ಷಕ್ಕೆ ಈ ಮಕ್ಕಳು ಊರ ಸರ್ಕಾರಿ ಶಾಲೆಗೆ ಹೋಗಲಿ. ಆ ಶಾಲೆಯಲ್ಲಿ ಮಕ್ಕಳಿಲ್ಲವೆಂದು ಬಾಗಿಲು ಮುಚ್ಚಿದರೆ, ಬಸ್ಸಿನ ಹಣ ಕೊಡಲಾರದ ಬಡವನ ಮಗು ಎಲ್ಲಿಗೆ ಹೋಗಬೇಕು? ಸಮರ್ಥರು ಬಿಟ್ಟುಹೋದ ಶಾಲೆಯಲ್ಲಿ ಪ್ರಶ್ನೆ ಕೇಳುವವರಿರುವುದಿಲ್ಲ. ನೀವು ಅಲ್ಲಿದ್ದರೆ ಪ್ರಶ್ನೆ ಕೇಳುತ್ತೀರಿ, ಕೇಳಲೇಬೇಕು.

ತಂದೆತಾಯಿಗಳಲ್ಲಿ ನಾವು ಬೇಡುವ ಭಿಕ್ಷೆ ಒಂದೇ. ಸಂಜೆ ಮನೆಗೆ ಬಂದ ಮಗುವನ್ನು, "ಇವತ್ತು ಎಷ್ಟು ಪುಟ ಬರೆದಿ?" ಎಂದು ಕೇಳಬೇಡಿರಿ. "ಇವತ್ತು ಯಾವ ಕಥೆ ಕೇಳಿದಿ? ನಮಗೂ ಹೇಳು" ಎಂದು ಕೇಳಿರಿ. ಅದು ಹೇಳುವಾಗ ನಡುವೆ ತಿದ್ದದೆ, ಮೊಬೈಲನ್ನು ಕೆಳಗಿಟ್ಟು, ಪೂರ್ತಿ ಕೇಳಿರಿ. ಅಕ್ಷರ ಬಾರದ ತಾಯಿಗೂ ಈ ಪಾಠ ಮಾಡಿಸಲು ಬರುತ್ತದೆ.

ನಿಮ್ಮ ಮನೆಯ ಎಳೆಯ ಸಸಿಗಳಿಗೆ ಹದವರಿತ ವಿದ್ಯೆ ದೊರೆಯಲಿ, ಅವು ಅರಿವಿನ ತೆನೆಯನ್ನು ಹೊರಲಿ ಎಂದು ಶ್ರೀಮಠದ ಕರ್ತೃ ಗುರುವಿನಲ್ಲಿ ಬೇಡಿ, ಇಂದಿನ ಮಾತಿಗೆ ಮಂಗಳ ಹೇಳುತ್ತೇವೆ.