ಮನೆಯ ಹುಡುಗನ ಕೈಗೆ ಕಳ್ಳನ ಚೀಟಿ

(ಮುದ್ರಣಾಲಯದವರು ಹಾಗೂ ಡಿ.ಟಿ.ಪಿ. ಕೆಲಸಗಾರರ ಮುಂದೆ ಆಡಿದ ಮಾತಿನ ಬರಹರೂಪ)



ನಾನು ಕಂಪ್ಯೂಟರ್ ಪಂಡಿತನಲ್ಲ. ಪಿ.ಯು.ಸಿ. ಮುಗಿಸಿ ಅಚ್ಚಿನ ಕೆಲಸಕ್ಕೆ ಇಳಿದವನು. ಆದರೆ ಇಂದು ಪ್ರೆಸ್ಸಿಗೆ ಬರುವ ಲಗ್ನಪತ್ರಿಕೆಯ ಫೋಟೋ, ಬಿಲ್ ಪುಸ್ತಕದ ಲೋಗೋ, ಶಾಲೆಯ ಅಂಕಪಟ್ಟಿಯ ನಮೂನೆ ಎಲ್ಲವೂ ಇಂಟರ್‌ನೆಟ್ ಮೂಲಕವೇ ಬರುತ್ತವೆ. ಜನ ನಮ್ಮನ್ನು ನಂಬಿ ಹೆಸರು, ವಿಳಾಸ, ಫೋನ್ ನಂಬರ್ ಒಪ್ಪಿಸುತ್ತಾರೆ. ಆ ನಂಬಿಕೆಗೆ ಕನ್ನ ಹಾಕುವ ಒಂದು ಕಳ್ಳದಾರಿ ಇದೆ. ಅದರ ಹೆಸರು 'ಸರ್ವರ್ ಸೈಡ್ ರಿಕ್ವೆಸ್ಟ್ ಫೋರ್ಜರಿ'. ಹೆಸರು ಉದ್ದವಾಯಿತೆಂದು ಪುಟ ತಿರುಗಿಸಬೇಡಿ! ವಿಷಯ ನಮ್ಮ ನಿಮ್ಮ ಅಂಗಡಿಯದೇ.

ಚೀಟಿ ಹಿಡಿದು ಓಡುವ ಹುಡುಗ

ನಿಮ್ಮ ಪ್ರೆಸ್ಸಿನಲ್ಲಿ ಚುರುಕಾದ ಹುಡುಗನೊಬ್ಬ ಇದ್ದಾನೆ ಎನ್ನಿ. ಗಿರಾಕಿ ಚೀಟಿಯಲ್ಲಿ ಒಂದು ವಿಳಾಸ ಬರೆದುಕೊಡುತ್ತಾನೆ. 'ಫೋಟೋ ಅಲ್ಲಿದೆ, ತರಿಸಿಕೊಳ್ಳಿ' ಎನ್ನುತ್ತಾನೆ. ಹುಡುಗ ಓಡುತ್ತಾನೆ, ತರುತ್ತಾನೆ. ಸಂತೋಷ! ಮರುದಿನ ಇನ್ನೊಬ್ಬ ಬರುತ್ತಾನೆ. ಅವನ ಚೀಟಿಯಲ್ಲಿ 'ಇದೇ ಪ್ರೆಸ್, ಒಳಕೋಣೆ, ಬೀರುವಿನ ಎರಡನೆಯ ಖಾನೆ' ಎಂದು ಬರೆದಿದೆ. ಹುಡುಗ ಅದನ್ನೂ ತಂದು ಅವನ ಕೈಗಿಡುತ್ತಾನೆ. ಬಾಗಿಲ ಕಾವಲುಗಾರ ತಡೆಯುವುದಿಲ್ಲವೇ? ಯಾಕೆ ತಡೆಯುತ್ತಾನೆ ಸ್ವಾಮಿ? ಹೋದವನು ಮನೆಯ ಹುಡುಗ!

ವೆಬ್‌ಸೈಟ್ ನಡೆಸುವ ಸರ್ವರ್ ಎಂಬ ಕಂಪ್ಯೂಟರೇ ಆ ಹುಡುಗ. 'ನಿಮ್ಮ ಚಿತ್ರದ ಲಿಂಕ್ ಇಲ್ಲಿ ಹಾಕಿ' ಎಂಬ ಖಾನೆ ಎಷ್ಟೋ ಸೈಟುಗಳಲ್ಲಿದೆ. ಲಿಂಕ್ ಹಾಕಿದ ಕೂಡಲೇ ಸರ್ವರ್ ತಾನೇ ಆ ವಿಳಾಸಕ್ಕೆ ಹೋಗಿ ಚಿತ್ರ ತರುತ್ತದೆ. ಕಳ್ಳ ಅಲ್ಲಿ ಚಿತ್ರದ ವಿಳಾಸ ಹಾಕುವುದಿಲ್ಲ. 127.0.0.1 ಎಂದು ಹಾಕುತ್ತಾನೆ. ಕಂಪ್ಯೂಟರಿನ ಭಾಷೆಯಲ್ಲಿ ಅದರ ಅರ್ಥ 'ನಾನೇ' ಎಂದು. ಇಲ್ಲವೇ 10 ರಿಂದಲೋ 192.168 ರಿಂದಲೋ ಶುರುವಾಗುವ ವಿಳಾಸ ಹಾಕುತ್ತಾನೆ. ಅವು ಕಚೇರಿಯ ಒಳಗಿನ ಕಂಪ್ಯೂಟರುಗಳ ವಿಳಾಸಗಳು. ಹೊರಗಿನವನು ನೇರವಾಗಿ ಮುಟ್ಟಲಾರ. ಆದರೆ ಸರ್ವರ್ ಮುಟ್ಟಬಲ್ಲದು. ಫೈರ್‌ವಾಲ್ ಎಂಬ ಕಾವಲುಗಾರ ಹೊರಗಿನಿಂದ ಬರುವವರನ್ನು ತಡೆಯುತ್ತಾನೆಯೇ ಹೊರತು ಒಳಗಿನವನು ಒಳಗೇ ಓಡಾಡಿದರೆ ಕೇಳುವುದಿಲ್ಲ.

ತಂದದ್ದನ್ನು ಸರ್ವರ್ ಕಳ್ಳನಿಗೆ ತೋರಿಸದೇ ಇರಬಹುದು. ಆಗಲೂ ಅಪಾಯ ತಪ್ಪಿದ್ದಲ್ಲ. ಉತ್ತರ ಬೇಗ ಬಂತೋ ತಡವಾಯಿತೋ, ಯಾವ ತಪ್ಪಿನ ಸಂದೇಶ ಬಂತು ಎಂಬುದನ್ನು ನೋಡಿಯೇ ಒಳಗೆ ಯಾವ ಬಾಗಿಲು ತೆರೆದಿದೆ ಎಂದು ಅವನು ಅಂದಾಜು ಮಾಡುತ್ತಾನೆ.

ಹತ್ತು ಕೋಟಿ ಜನರ ಕಥೆ

ಇದೆಲ್ಲ ಕಟ್ಟುಕತೆ ಎನ್ನುವವರು ಅಮೆರಿಕದ ಕಡೆ ನೋಡಿ. ಅಲ್ಲಿ ಕ್ಯಾಪಿಟಲ್ ಒನ್ ಎಂಬ ದೊಡ್ಡ ಬ್ಯಾಂಕಿದೆ. ಅದು ತನ್ನ ಲೆಕ್ಕಪತ್ರವನ್ನು ಅಮೆಜಾನ್ ಕಂಪೆನಿಯ ಕ್ಲೌಡ್‌ನಲ್ಲಿ, ಅಂದರೆ ಬಾಡಿಗೆ ಕಂಪ್ಯೂಟರುಗಳಲ್ಲಿ ಇಟ್ಟಿತ್ತು. ಈ ಬಾಡಿಗೆ ಕಂಪ್ಯೂಟರುಗಳಿಗೆ 169.254.169.254 ಎಂಬ ಒಂದು ಒಳವಿಳಾಸ ಇರುತ್ತದೆ. 'ನನ್ನ ಹೆಸರೇನು, ನನಗೆ ಯಾವ ಅಧಿಕಾರ ಇದೆ, ನನ್ನ ಕೀಲಿ ಯಾವುದು' ಎಂದು ಕಂಪ್ಯೂಟರ್ ತನ್ನ ಬಗ್ಗೆ ತಾನೇ ವಿಚಾರಿಸಿಕೊಳ್ಳುವ ಜಾಗ ಅದು.

2019ರ ಮಾರ್ಚ್ ತಿಂಗಳಲ್ಲಿ, ಹಿಂದೆ ಅಮೆಜಾನ್‌ನಲ್ಲೇ ದುಡಿದಿದ್ದ ವ್ಯಕ್ತಿಯೊಬ್ಬರು ಬ್ಯಾಂಕಿನ ವೆಬ್ ಫೈರ್‌ವಾಲ್ ಅನ್ನು ಸರಿಯಾಗಿ ಹೊಂದಿಸಿಲ್ಲವೆಂದು ಕಂಡುಕೊಂಡರು. ಅದರ ಮೂಲಕವೇ ಆ ಒಳವಿಳಾಸಕ್ಕೆ ಕೋರಿಕೆ ಕಳಿಸಿದರು. ತಮಾಷೆ ನೋಡಿ, ಕಾವಲುಗಾರನೇ ಹೋಗಿ ಕೀಲಿ ತಂದುಕೊಟ್ಟ! ಆ ಕೀಲಿಗಾದರೂ ಮಿತಿ ಇತ್ತೇ? ಕಾವಲಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಅಧಿಕಾರ ಅದಕ್ಕಿತ್ತು. ಉಗ್ರಾಣದ ಬಾಗಿಲುಗಳೆಲ್ಲ ತೆರೆದವು.

ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ ಸುಮಾರು 60 ಲಕ್ಷ ಜನರ ವಿವರ ಕೈತಪ್ಪಿತು. ಅದರಲ್ಲಿ ಅಮೆರಿಕನ್ನರ ಸುಮಾರು 1 ಲಕ್ಷ 40 ಸಾವಿರ ಸೋಷಿಯಲ್ ಸೆಕ್ಯುರಿಟಿ ನಂಬರುಗಳು, ಸುಮಾರು 80 ಸಾವಿರ ಬ್ಯಾಂಕ್ ಖಾತೆ ನಂಬರುಗಳು, ಕೆನಡಾದವರ ಸುಮಾರು 10 ಲಕ್ಷ ಸೋಷಿಯಲ್ ಇನ್ಶೂರೆನ್ಸ್ ನಂಬರುಗಳು ಸೇರಿದ್ದವು. 2005ರಿಂದ 2019ರ ಆರಂಭದವರೆಗೆ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದವರ ಮಾಹಿತಿ ಅದು. ಅರ್ಜಿ ತುಂಬಿ 14 ವರ್ಷ ಕಳೆದವನಿಗೂ ತಪ್ಪಲಿಲ್ಲ! ಬ್ಯಾಂಕಿಗೆ ತಿಳಿದದ್ದು ಯಾವಾಗ? ಜುಲೈ 17ರಂದು, ಹೊರಗಿನವರೊಬ್ಬರು ಇ-ಮೇಲ್ ಬರೆದು ಎಚ್ಚರಿಸಿದ ಮೇಲೆ. ನಾಲ್ಕು ತಿಂಗಳು ಯಾರಿಗೂ ಸುಳಿವಿರಲಿಲ್ಲ.

2020ರಲ್ಲಿ ಅಲ್ಲಿನ ಸರ್ಕಾರಿ ಮೇಲ್ವಿಚಾರಕರು ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಹಾಕಿದರು. ಗ್ರಾಹಕರ ದಾವೆ ತೀರಿಸಲು ಬ್ಯಾಂಕು ಇನ್ನೂ 19 ಕೋಟಿ ಡಾಲರ್ ಕೊಡಲು ಒಪ್ಪಿತು. ನುಗ್ಗಿದ ವ್ಯಕ್ತಿ ತಪ್ಪಿತಸ್ಥರೆಂದು 2022ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹಣ ಕಟ್ಟಬಹುದು ಬಂಧುಗಳೇ. ಆದರೆ ಹೊರಬಿದ್ದ ಹೆಸರು, ಹುಟ್ಟಿದ ದಿನ, ಖಾತೆ ನಂಬರನ್ನು ಮರಳಿ ಪೆಟ್ಟಿಗೆಗೆ ತುಂಬುವವರು ಯಾರು? ಅಚ್ಚಾದ ಹಾಳೆಯಿಂದ ಮಸಿ ಹಿಂದೆಗೆಯಲು ಆಗುತ್ತದೆಯೇ?

ಬೇಲಿ ಕಟ್ಟುವುದು ಹೇಗೆ?

ಹೆದರಿಸಿ ಕೈಬಿಡುವುದು ನನ್ನ ಉದ್ದೇಶವಲ್ಲ. ಈ ಕಳ್ಳದಾರಿಗೆ ಬೇಲಿ ಉಂಟು.

ಮೊದಲನೆಯದು: ಹುಡುಗನನ್ನು ಓಡಿಸುವ ಅಗತ್ಯವೇ ಇದೆಯೇ ಎಂದು ಕೇಳಿಕೊಳ್ಳಿ. ಗಿರಾಕಿ ತಾನೇ ಫೈಲನ್ನು ಏರಿಸಲಿ. ಲಿಂಕಿನ ಖಾನೆ ತೆಗೆದುಹಾಕಿದರೆ ಆ ಬಾಗಿಲೇ ಇಲ್ಲವಾಯಿತು.

ಎರಡನೆಯದು: ಲಿಂಕ್ ಬೇಕೇಬೇಕೆಂದರೆ ಹೋಗಬಹುದಾದ ಜಾಗಗಳ ಪಟ್ಟಿ ಮಾಡಿ. ಹೋಗಬಾರದ ಜಾಗಗಳ ಪಟ್ಟಿಯನ್ನು ನಂಬಿ ಕೂರಬೇಡಿ. ಏಕೆಂದರೆ ಕಳ್ಳನಿಗೆ ನೂರು ವೇಷ. 127.0.0.1 ಅನ್ನು ತಡೆದರೆ 2130706433 ಎಂದು ಬರೆಯುತ್ತಾನೆ. ಎರಡೂ ಒಂದೇ ವಿಳಾಸ!

ಮೂರನೆಯದು: ಹೆಸರು ನೋಡಿ ಮೋಸಹೋಗಬೇಡಿ. ಕಳ್ಳ ತನ್ನದೇ ಸೈಟಿನ ಹೆಸರು ಕೊಟ್ಟು, ಆ ಹೆಸರನ್ನು ನಿಮ್ಮ ಒಳವಿಳಾಸಕ್ಕೆ ತಿರುಗಿಸಿಟ್ಟಿರಬಹುದು. ಆ ಹೆಸರು ಕೊನೆಗೆ ಯಾವ ಅಂಕಿಯ ವಿಳಾಸಕ್ಕೆ ಹೋಗುತ್ತದೆ ಎಂದು ಪರೀಕ್ಷಿಸಿ, ಪರೀಕ್ಷಿಸಿದ ಅದೇ ಅಂಕಿಗೇ ಸರ್ವರ್ ಹೋಗಬೇಕು. ಎರಡನೆಯ ಸಲ ವಿಚಾರಿಸಿದರೆ ಅಷ್ಟರಲ್ಲಿ ಉತ್ತರ ಬದಲಾಗಿರುತ್ತದೆ.

ನಾಲ್ಕನೆಯದು: 'ನಾನಿಲ್ಲಿಲ್ಲ, ಪಕ್ಕದ ಮನೆಗೆ ಹೋಗು' ಎಂದು ಕಳಿಸುವ ರೀಡೈರೆಕ್ಟನ್ನು ಸರ್ವರ್ ಕುರುಡಾಗಿ ಪಾಲಿಸಬಾರದು. ನಿಲ್ಲಿಸಿ, ಇಲ್ಲವೇ ಪ್ರತಿ ಹೆಜ್ಜೆಗೂ ಮತ್ತೆ ಪರೀಕ್ಷಿಸಿ.

ಐದನೆಯದು: ಹೊರಗಿನಿಂದ ಬರುವವರಿಗಷ್ಟೇ ಅಲ್ಲ, ಒಳಗಿನಿಂದ ಹೊರಡುವವರಿಗೂ ಕಾವಲಿರಲಿ. ಚಿತ್ರ ತರುವ ಕೆಲಸವನ್ನು ಬೇರೆ ಕಂಪ್ಯೂಟರಿಗೆ ವಹಿಸಿ, ಅದಕ್ಕೆ ಲೆಕ್ಕಪತ್ರದ ಕಂಪ್ಯೂಟರಿನ ದಾರಿಯೇ ಕಾಣದಂತೆ ಮಾಡಿ. ಒಳಗಿನ ಕಂಪ್ಯೂಟರುಗಳೂ ಗುರುತು ಕೇಳದೆ ಯಾರಿಗೂ ಏನೂ ಕೊಡಬಾರದು.

ಆರನೆಯದು: ಕೀಲಿಗೊಂಚಲನ್ನು ಒಬ್ಬನ ಸೊಂಟಕ್ಕೆ ಕಟ್ಟಬೇಡಿ. ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ. ಅಮೆಜಾನ್ ಕೂಡ 2019ರ ನವೆಂಬರ್‌ನಲ್ಲಿ ಹೊಸ ಕ್ರಮ ತಂದಿತು. ಅದರಂತೆ ಆ ಒಳವಿಳಾಸದಲ್ಲಿ ಮೊದಲು ಬೇರೊಂದು ಬಗೆಯ ಕೋರಿಕೆ ಸಲ್ಲಿಸಿ ಟೋಕನ್ ಪಡೆಯಬೇಕು. ಆ ಟೋಕನ್ ತೋರಿಸಿದರೆ ಮಾತ್ರ ಕೀಲಿ. ಬರೀ ವಿಳಾಸದ ಚೀಟಿಗೆ ಅಲ್ಲಿ ಬೆಲೆಯಿಲ್ಲ. ಆದರೆ ಹೊಸ ಬಾಗಿಲು ಇಟ್ಟರೆ ಸಾಲದು, ಹಳೆಯ ಬಾಗಿಲು ಮುಚ್ಚಿದೆಯೇ ಎಂದೂ ನೋಡಬೇಕು.

ವೆಬ್ ಸುರಕ್ಷತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿತು. ಚಿಕ್ಕ ವಿಷಯವಾಗಿದ್ದರೆ ಕೊಡುತ್ತಿತ್ತೇ?

ನೀವು ಕೇಳಬೇಕಾದ ಪ್ರಶ್ನೆ

'ನಾವು ಪ್ರೋಗ್ರಾಂ ಬರೆಯುವವರಲ್ಲ, ನಮಗೇಕೆ ಇದು' ಎನ್ನಬೇಡಿ. ಬರೆಸುವವರು ನಾವು, ಹಣ ಕೊಡುವವರು ನಾವು. ಸೈಟ್ ಮಾಡಿಕೊಡುವವರು ಬಂದು ದೊಡ್ಡ ದೊಡ್ಡ ಇಂಗ್ಲಿಷ್ ಪದ ಉದುರಿಸಿದರೆ ತಲೆಯಾಡಿಸಿ ಕೂರಬೇಡಿ. ಕನ್ನಡದಲ್ಲೇ ಕೇಳಿ: ಹೊರಗಿನವರು ಕೊಟ್ಟ ವಿಳಾಸಕ್ಕೆ ನಮ್ಮ ಸರ್ವರ್ ಹೋಗುತ್ತದೆಯೇ? ಹೋದರೆ ಎಲ್ಲಿಗೆಲ್ಲ ಹೋಗಬಲ್ಲದು? ಅದರ ಕೈಯಲ್ಲಿ ಯಾವ ಯಾವ ಕೀಲಿಗಳಿವೆ? ಹೋದದ್ದು ಬಂದದ್ದು ಎಲ್ಲಾದರೂ ದಾಖಲಾಗುತ್ತದೆಯೇ, ಅದನ್ನು ಯಾರಾದರೂ ಓದುತ್ತಾರೆಯೇ? ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಬಾಕಿ ಹಣ ಕೊಡುವ ಮುನ್ನ ಯೋಚಿಸಿ.

ಬಂಧುಗಳೇ, ಪ್ರಶ್ನೆಪತ್ರಿಕೆ ಅಚ್ಚುಮಾಡುವವನು ಹಾಳಾದ ಹಾಳೆಯನ್ನೂ ಎಣಿಸಿ ಸುಡುತ್ತಾನೆ. ಅದು ನಮ್ಮ ಕಸುಬಿನ ಮರ್ಯಾದೆ. ಕಾಗದಕ್ಕೆ ತೋರುವ ಆ ಎಚ್ಚರವನ್ನು ಕಂಪ್ಯೂಟರಿಗೂ ತೋರೋಣ. ಚೀಟಿ ಯಾರದ್ದಾದರೂ ಇರಲಿ, ಹುಡುಗ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ನಾವಾಗಿರಬೇಕು.