ದೊಡ್ಡವರ ಆಟದ ಮನಸ್ಸನ್ನು ಯಾವ ಭಾಷೆಯಲ್ಲಿ ಅಳೆಯುವುದು?

(ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



“ಹುಡುಗಾಟ ಆಡಬೇಡ” ಎಂದು ಮಕ್ಕಳನ್ನು ಗದರದ ಮನೆ ನಮ್ಮಲ್ಲಿ ಇರಲಾರದು. ಆದರೆ ಆಟದ ಮನಸ್ಸು ದೊಡ್ಡವರಲ್ಲೂ ಉಂಟು. ಅದನ್ನು ಪ್ರಶ್ನಾವಳಿಯಿಂದ ಅಳೆಯುವ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಗ್ಲಿನ್ ಮತ್ತು ವೆಬ್‌ಸ್ಟರ್ ಎಂಬವರು 1992ರಲ್ಲಿ ಇಂಥ ಅಳತೆಗೋಲೊಂದನ್ನು ಪ್ರಕಟಿಸಿದರು. ರೆನೆ ಪ್ರೊಯರ್ ಅವರು 2012ರಲ್ಲಿ ಐದೇ ವಾಕ್ಯಗಳ ಚಿಕ್ಕ ಅಳತೆಗೋಲನ್ನು ಕೊಟ್ಟರು. 2017ರಲ್ಲಿ ಅವರೇ ಈ ಗುಣಕ್ಕೆ ನಾಲ್ಕು ಮುಖಗಳನ್ನು ಗುರುತಿಸಿದರು: ಇತರರೊಡನೆ ನಗುತ್ತ ಬೆರೆಯುವುದು, ಬದುಕನ್ನು ಹಗುರವಾಗಿ ತೆಗೆದುಕೊಳ್ಳುವುದು, ವಿಚಾರಗಳೊಡನೆ ಆಡುವುದು, ವಿಚಿತ್ರವಾದುದರಲ್ಲಿ ಸಂತೋಷಪಡುವುದು.

ಇದನ್ನು ಕನ್ನಡಕ್ಕೆ ತರುವಾಗಲೇ ತೊಡಕು. “ನಾನು ಹುಡುಗಾಟದ ಮನುಷ್ಯ” ಎಂದು ಬರೆದರೆ ಒಪ್ಪುವವರು ಯಾರು? ಆ ಪದದಲ್ಲಿ ಬೇಜವಾಬ್ದಾರಿಯ ವಾಸನೆಯಿದೆ. “ಲವಲವಿಕೆ” ಎಂದರೆ ಬರಿಯ ಉತ್ಸಾಹವಾಗುತ್ತದೆ; “ಚೇಷ್ಟೆ” ಎಂದರೆ ಕಪಿಯ ನೆನಪಾಗುತ್ತದೆ! ನೆರೆಯ ತಮಿಳಿನ “ವಿಳೈಯಾಟ್ಟುತ್ತನಂ” ಎಂಬ ಮಾತಿಗೂ ಇದೇ ಕಳಂಕವಿದೆ. ಹೀಗೆ ಒಂದು ಪದದ ದೆಸೆಯಿಂದ ಅಂಕ ಕಡಿಮೆಯಾದರೆ, ಕನ್ನಡಿಗರೇ ನಗದ ಜನ ಎಂಬ ತೀರ್ಮಾನ ಕಾಗದದ ಮೇಲೆ ನಿಂತುಬಿಡುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕೂ ಇದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹಗಲೆಲ್ಲ ತಮಿಳಾಡಿ, ಮನೆಯಲ್ಲಿ ಕನ್ನಡವಾಡುವ ತಂದೆಯನ್ನು ತಮಿಳಿನಲ್ಲಿ ಕೇಳಿದರೆ ಆತ ಗೆಳೆಯರನ್ನು ನೆನೆದು ಉತ್ತರಿಸಬಹುದು. ಕನ್ನಡದಲ್ಲಿ ಕೇಳಿದರೆ ಮಕ್ಕಳ ಮುಂದಿನ ತನ್ನ ಗಂಭೀರ ಮುಖವನ್ನು ನೆನೆಯಬಹುದು. ಮನುಷ್ಯ ಒಬ್ಬನೇ, ಅಂಕ ಎರಡು. ಒಂದೇ ಪ್ರಮಾಣದ ಗುಣವುಳ್ಳ ಇಬ್ಬರಿಗೆ, ಭಾಷೆ ಬೇರೆಯಾದರೂ, ಒಂದೇ ಅಂಕ ಬರುವುದೇ ಎಂದು ಪರೀಕ್ಷಿಸದ ಅಳತೆಯಿಂದ ಎರಡು ಭಾಷೆಯವರನ್ನು ಹೋಲಿಸುವುದು ತಪ್ಪು.

ಇದಕ್ಕೆ ಉಪಾಯವಿಲ್ಲದಿಲ್ಲ. ಒಬ್ಬರು ಅನುವಾದಿಸಿದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರು ಮರಳಿ ಮೂಲಭಾಷೆಗೆ ತಿರುಗಿಸಿ, ಎರಡನ್ನೂ ಹೋಲಿಸುತ್ತಾರೆ. ಅದೂ ಸಾಲದು, ಆ ಭಾಷೆಯವರಿಗೆ ಓದಿಸಿ “ನಿಮಗೆ ಏನು ಅರ್ಥವಾಯಿತು?” ಎಂದು ಕೇಳಬೇಕು. ನನ್ನ ಮಟ್ಟಿಗೆ ಗುಣವಾಚಕವನ್ನೇ ಬಿಟ್ಟು ನಡತೆಯನ್ನು ಕೇಳುವುದು ಮೇಲು: “ಬೇಸರದ ಕೆಲಸವನ್ನೂ ಆಟದಂತೆ ಮಾಡಿಕೊಳ್ಳುತ್ತೀರಾ?” “ಒಗಟು ಹಾಕುತ್ತೀರಾ?” “ಅಳಗುಳಿಮಣೆ ಕಂಡರೆ ಕೂರುತ್ತೀರಾ?” ಕೊನೆಯದನ್ನು ತಮಿಳಿನಲ್ಲಿ ಪಲ್ಲಾಂಗುಳಿ ಎಂದು ಕೇಳಿದರೆ ಸರಿ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯನ್ನು ಹೇಳುತ್ತದೆ. ಸ್ವಭಾವ ಅಳೆಯುವ ಪ್ರಶ್ನಾವಳಿಯ ಭಾಷೆಯ ಬಗ್ಗೆ ಅದರಲ್ಲಿ ಮಾತಿಲ್ಲ. ಆದ್ದರಿಂದ ನಿಮ್ಮ ಅಥವಾ ಮಗುವಿನ ಸ್ವಭಾವ ಕೇಳುವ ಹಾಳೆ ಮನೆಗೆ ಬಂದರೆ, ತುಂಬುವ ಮೊದಲು ಎರಡು ಪ್ರಶ್ನೆ ಕೇಳಿ: ಇದನ್ನು ಕನ್ನಡಕ್ಕೆ ತಂದವರು ಯಾರು? ಕನ್ನಡದವರ ಮೇಲೆ ಪರೀಕ್ಷಿಸಿದ್ದಾರೆಯೇ?